ಹಿಡಿಂಬೆಯನ್ನು ಕಂಡು ನಕ್ಕವರು

ಬಂಟ್ವಾಳದ ನಮ್ಮೂರಿನಲ್ಲಿ ಕೊಯ್ಲು ಮುಗಿದ ಗದ್ದೆಯೇ ಆಟದ ಬಯಲು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಲ್ಲಿ ಹಿಡಿಂಬೆಯ ಪ್ರಸಂಗ ನೋಡಿದೆ. ಅಜ್ಜಿಯ ಜೊತೆ ಎದುರಿನಲ್ಲೇ ಚಾಪೆ ಹಾಸಿ, ನೆಲಗಡಲೆಯ ಪೊಟ್ಟಣ ಹಿಡಿದು ಕೂತಿದ್ದೆ.

ಕಥೆ ನಿಮಗೆ ಗೊತ್ತೇ ಇದೆ. ಅರಗಿನ ಮನೆಯ ಬೆಂಕಿಯಿಂದ ಪಾರಾದ ಪಾಂಡವರು ಕಾಡಿನಲ್ಲಿ ಮಲಗಿದ್ದಾರೆ. ಭೀಮನೊಬ್ಬನೇ ಎಚ್ಚರ. ಮನುಷ್ಯರ ವಾಸನೆ ಹಿಡಿದ ಹಿಡಿಂಬಾಸುರ ಅವರನ್ನು ಕೊಂದು ತರಲು ತಂಗಿಯನ್ನು ಕಳಿಸುತ್ತಾನೆ. ಕೊಲ್ಲಲು ಬಂದವಳು ಭೀಮನನ್ನು ನೋಡಿ ಮನಸೋಲುತ್ತಾಳೆ.

ತೆಂಕುತಿಟ್ಟಿನಲ್ಲಿ ಇಂಥ ರಾಕ್ಷಸಿಯ ವೇಷಕ್ಕೆ 'ಹೆಣ್ಣುಬಣ್ಣ' ಎನ್ನುತ್ತಾರೆ. ಚೆಂಡೆಯ ಅಬ್ಬರ, ದೊಂದಿಯ ಬೆಳಕು, ರಾಳದ ಬೆಂಕಿಯ ನಡುವೆ ಹಿಡಿಂಬೆ ಆರ್ಭಟಿಸಿದಾಗ ನಾನು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದೆ. ಸ್ವಲ್ಪ ಹೊತ್ತಿಗೆ ಸುತ್ತಲೂ ನಗು ಕೇಳಿಸಿತು. ಇಣುಕಿ ನೋಡಿದರೆ ಆ ರಾಕ್ಷಸಿ ಕನ್ನಡಿ ನೋಡಿಕೊಂಡಂತೆ ಅಭಿನಯಿಸುತ್ತ ತಲೆ ಬಾಚುತ್ತಿದ್ದಾಳೆ, ನಾಚುತ್ತಿದ್ದಾಳೆ! ಗದ್ದೆಗೆ ಗದ್ದೆಯೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಇನ್ನೊಬ್ಬ ಕಲಾವಿದರು ಸ್ತ್ರೀವೇಷದಲ್ಲಿ ಮಾಯಾ ಹಿಡಿಂಬೆಯಾಗಿ ಬಂದರು. ನಕ್ಕವರೆಲ್ಲ ನೆಟ್ಟಗೆ ಕೂತರು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ಸೋಮವಾರ ಶಾಲೆಗೆ ಹೋದಾಗ ನನಗೊಂದು ಹೊಸ ಹೆಸರು ಕಾದಿತ್ತು. ನಾನು ತರಗತಿಯಲ್ಲೇ ಎತ್ತರ, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಹುಡುಗರು 'ಹಿಡಿಂಬಿ' ಎಂದರು. ಹುಡುಗಿಯರೂ ನಕ್ಕರು. ಅಂದಿನಿಂದ ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತೆ.

ಅಳುತ್ತ ಬಂದವಳಿಗೆ ಅಜ್ಜಿ ಕೇಳಿದ್ದು ಇಷ್ಟೇ: "ಅವಳು ಎಂತ ತಪ್ಪು ಮಾಡಿದಳು ಮಗಾ? ಅಣ್ಣ ಕೊಲ್ಲಲು ಕಳಿಸಿದ್ದಾನೆ ಅಂತ ಭೀಮನ ಹತ್ತಿರ ತಾನೇ ಬಾಯಿಬಿಟ್ಟು ಹೇಳಿದಳು. ಅರಗಿನ ಮನೆ ಕಟ್ಟಿಸಿದವರು ನೋಡಲು ಚೆಂದವೇ ಇದ್ದರಲ್ಲ!" ಆಗ ನನಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ.

ಮದುವೆಯಾಗಿ ಬೆಳ್ತಂಗಡಿಗೆ ಬಂದೆ. ಒಂದು ಸಂಜೆ ಟೀವಿಯಲ್ಲಿ ಟಿ.ಎಸ್. ನಾಗಾಭರಣರ 'ನಾಗಮಂಡಲ' ಬಂತು. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿದ 1997ರ ಸಿನಿಮಾ. ನಮ್ಮ ಕಡೆ ನಾಗಮಂಡಲವೆಂದರೆ ನೆಲದ ಮೇಲೆ ಬಣ್ಣದ ಮಂಡಲ ಬರೆದು ಇಡೀ ರಾತ್ರಿ ನಡೆಸುವ ಸೇವೆ. ಅದನ್ನೇ ತೋರಿಸುತ್ತಾರೆಂದು ಅತ್ತೆ ಬಂದು ಕೂತರು. ಗಂಡನ ಪ್ರೀತಿ ಸಿಗದ ರಾಣಿಯ ಹತ್ತಿರ ನಾಗ ಆ ಗಂಡನದೇ ರೂಪ ತಾಳಿ ಬರುವ ಕಥೆ ಅದು. ನಾಗಪಂಚಮಿಗೆ ತಪ್ಪದೆ ಬನದಲ್ಲಿ ತನು ಎರೆಯುವ ಅತ್ತೆ ಸಿಟ್ಟಾಗುತ್ತಾರೇನೋ ಎಂದು ಹೆದರಿದೆ. ಅವರು ಹಾವು ಕಂಡಾಗಲೆಲ್ಲ ಕೈಮುಗಿದರು, ಕೊನೆಗೆ ಕಣ್ಣೊರೆಸಿಕೊಂಡರು.

ಅಜ್ಜಿಯ ಮಾತು ನನಗೆ ಅರ್ಥವಾದದ್ದು ಆ ರಾತ್ರಿ. ತಾನು ಯಾರೆಂದು ಹೇಳದೆ ಬಂದ ನಾಗನಿಗಾಗಿ ನಾವು ಅತ್ತೆವು. ತಾನು ಯಾರೆಂದು ಹೇಳಿದ ಹಿಡಿಂಬೆಯನ್ನು ನೋಡಿ ನಕ್ಕೆವು. ನಾಗನಿಗಾಗಿ ಅತ್ತದ್ದು ತಪ್ಪೆಂದಲ್ಲ. ಹಿಡಿಂಬೆಗೂ ಒಂದು ಹನಿ ಕಣ್ಣೀರು ಉಳಿಸಬಹುದಿತ್ತಲ್ಲ ಎಂದು.

ಕಳೆದ ವರ್ಷ ಒಂದು ಶನಿವಾರ ಮೂಡುಬಿದಿರೆಯ ಸಭಾಭವನವೊಂದರಲ್ಲಿ ಅದೇ ಪ್ರಸಂಗ ಇತ್ತು. ಐದನೇ ತರಗತಿಯ ಮಗಳನ್ನು ಕರೆದುಕೊಂಡು ಹೋದೆ. ಕುರ್ಚಿ, ಮೈಕು, ಮೂರೇ ಗಂಟೆಯ ಆಟ. ನಗು ಮಾತ್ರ ಹಳೆಯದೇ. ಆದರೆ ಭೀಮನನ್ನು ಕಂಡ ಮೇಲೆ ಹಿಡಿಂಬೆ ಒಂದು ಕ್ಷಣ ಕುಣಿತ ನಿಲ್ಲಿಸಿ, ತನ್ನ ಉಗುರು, ಕೈಗಳನ್ನು ತಾನೇ ತಿರುಗಿಸಿ ನೋಡಿಕೊಂಡು ಸುಮ್ಮನೆ ನಿಂತಳು. ಸಭೆಯೂ ಸುಮ್ಮನಾಯಿತು.

ಆಟ ಮುಗಿದ ಮೇಲೆ ಮಗಳು ಚೌಕಿಗೆ ಹೋಗೋಣವೆಂದು ಹಟ ಮಾಡಿದಳು. ಹಿಡಿಂಬೆಯ ವೇಷಧಾರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಕ್ಕೆಯಾಗಿ ಇಟ್ಟ ಚುಟ್ಟಿ ಪದರ ಪದರವಾಗಿ ಏಳುತ್ತಿತ್ತು. ಅದನ್ನು ಇಡಲು ಗಂಟೆಗಟ್ಟಲೆ ಬೇಕು.

"ಎಲ್ಲರೂ ನಗುವಾಗ ನಿಮಗೆ ಬೇಜಾರಾಗುವುದಿಲ್ಲವಾ ಮಾಮ?" ಎಂದು ಕೇಳಿಯೇಬಿಟ್ಟಳು.

"ಮೊದಲು ನಗಬೇಕು ಮಗಾ. ನಗಿಸುವುದು ನನ್ನ ಕೆಲಸವೇ. ಅವಳು ತನ್ನ ಕೈ ನೋಡಿಕೊಂಡಾಗ ಯಾರಾದರೂ ನಕ್ಕರಾ?"

ಮಗಳು ಯೋಚಿಸಿ ತಲೆಯಾಡಿಸಿದಳು. "ಇಲ್ಲ."

ಬೆಳ್ತಂಗಡಿಯ ಬಸ್ಸು ವೇಣೂರು ತಲುಪುವವರೆಗೆ ಅವಳದು ಒಂದೇ ಸಮನೆ ಪ್ರಶ್ನೆ. ಘಟೋತ್ಕಚ ಹುಟ್ಟಿದ ಮೇಲೆ ಭೀಮ ಹೊರಟುಹೋದನಲ್ಲ, ಆಮೇಲೆ ಅವಳು ಏನು ಮಾಡಿದಳು? ಹಿಮಾಚಲದ ಮನಾಲಿಯಲ್ಲಿ ಅವಳಿಗೆ 1553ರಲ್ಲಿ ಕಟ್ಟಿದ ಮರದ ಗುಡಿಯಿದೆ, ಅಲ್ಲಿ ಅವಳು ದೇವಿ, ಕುಲ್ಲುವಿನ ರಾಜಮನೆತನದವರು ಅವಳನ್ನು ಅಜ್ಜಿ ಎಂದೇ ಕರೆಯುತ್ತಾರೆ ಎಂದೆ.

ಅವಳು ಕಿಟಕಿಯತ್ತ ತಿರುಗಿದಳು. "ಅಮ್ಮಾ, ನಮ್ಮ ಕ್ಲಾಸಲ್ಲಿ ಒಬ್ಬಳನ್ನು ಎಲ್ಲರೂ ಹಿಡಿಂಬಿ ಅಂತ ಕರೀತಾರೆ."

"ನೀನು?"

ಗುರುವಾಯನಕೆರೆ ಬರುವವರೆಗೆ ಉತ್ತರವಿಲ್ಲ. ಆಮೇಲೆ ಮೆಲ್ಲಗೆ, "ನಾನೂ ಕರೆದಿದ್ದೇನೆ."

ಬೈಯಬೇಕೆನಿಸಿತು. ಅದರ ಬದಲು, ಫೋಟೋ ತೆಗೆಯುವಾಗ ನಾನು ಯಾಕೆ ತುಟಿ ಬಿಗಿಹಿಡಿಯುತ್ತೇನೆಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ಹೆಸರಿನ ಕಥೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಆ ಹುಡುಗಿಯ ನಿಜವಾದ ಹೆಸರೇನು?" ಎಂದು ಕೇಳಿದೆ.

ಹೇಳಿದಳು. ಬಸ್ಸಿಳಿದು ಮನೆಯತ್ತ ನಡೆಯುವಾಗ ಆ ಹೆಸರನ್ನು ಇನ್ನೊಮ್ಮೆ ತನ್ನಷ್ಟಕ್ಕೇ ಹೇಳಿಕೊಂಡದ್ದು ನನಗೆ ಕೇಳಿಸಿತು.