ಎದೆಯ ಮಾತು



ಮೂವತ್ತು ವರ್ಷ ಕನ್ನಡ ಕಲಿಸಿದವಳಿಗೆ ಪದಗಳನ್ನು ತಿರುವಿ ನೋಡುವ ಚಟ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ‘ಎದೆ’ ಎಂಬ ಒಂದು ಪದದಲ್ಲಿ ನಮ್ಮ ಭಾಷೆ ಏನೆಲ್ಲವನ್ನು ತುಂಬಿಟ್ಟಿದೆ ನೋಡಿರಿ! ಎದೆಗಾರಿಕೆ ಧೈರ್ಯ, ಎದೆಗುಂದುವುದು ಅಧೈರ್ಯ, ಎದೆಹಾಲು ತಾಯ್ತನ. ಆದರೆ ಅದೇ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡರೆ ಹೆಣ್ಣುಮಗಳಿಗೆ ಹೇಳಿಕೊಳ್ಳಲು ಪದವೇ ಸಿಗುವುದಿಲ್ಲ. ‘ಸ್ತನ’ ಎಂಬುದು ಪುಸ್ತಕದ ಮಾತು. ಹತ್ತು ಜನರೆದುರಿಗೆ “ಕೂಸಿಗೆ ಮೊಲಿ ಕುಡಸವಾ” ಎಂದು ನಿಸ್ಸಂಕೋಚವಾಗಿ ಅನ್ನುವ ಅಂಕಲಗಿಯ ಹೆಂಗಸರು ಅದೇ ಪದವನ್ನು ರೋಗದೊಂದಿಗೆ ಸೇರಿಸಿ ನುಡಿಯಲಾರರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಏಳು ತಿಂಗಳು ನುಡಿಯಲಿಲ್ಲ. (ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಯಾರೆಂದು ಊಹಿಸಲು ಹೋಗಬೇಡಿರಿ.) “ನೋಯ್ತಿದ್ದಿಲ್ರಿ ಅಕ್ಕೋರ. ನೋವ ಇಲ್ದ ದವಾಖಾನಿಗೆ ಯಾಕ ಹೋಗೂದಂತ ಸುಮ್ಮನಿದ್ದೆ” ಎಂದಳು. ಈ ರೋಗದ ಮೋಸವೇ ಅದು. ಮೊದಮೊದಲು ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದನ್ನು ನಮ್ಮ ಹೆಂಗಸರು ರೋಗವೆಂದು ಎಣಿಸುವುದಿಲ್ಲ. ಕಬ್ಬಿನ ಹಂಗಾಮು ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತಾರೆ. 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ತಗುಲಿತೆಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಅವರಲ್ಲಿ ಎಷ್ಟು ಜನ ಹೀಗೆ ಸುಮ್ಮನಿದ್ದರೋ!

ಶಸ್ತ್ರಕ್ರಿಯೆಗಿಂತ ಅವಳನ್ನು ಹೆಚ್ಚು ಅಳಿಸಿದ್ದು ರೊಟ್ಟಿ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಬಲಗೈಗೆ ಬಾವು ಬರುತ್ತಿತ್ತು. ಭಾರ ಎತ್ತಬಾರದು, ಕೈ ಸುಟ್ಟುಕೊಳ್ಳಬಾರದು ಎಂದು ವೈದ್ಯರು ಎಚ್ಚರಿಸಿದ್ದರು. ಎರಡೂ ಹೊತ್ತು ಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿಸುತ್ತದೆ. ಅದು ನಿಂತದ್ದೂ ಓಣಿಗೆಲ್ಲ ತಿಳಿಯುತ್ತದೆ. ಗಂಡ ಒಳ್ಳೆಯವನು. ಖಾನಾವಳಿಯಿಂದ ರೊಟ್ಟಿ ತಂದ, ಮುಸುರೆ ತಿಕ್ಕಿದ. ಆದರೆ ಯಾರಾದರೂ ಕೇಳಿದರೆ “ಅಕಿ ಕೈಗೆ ವಾತ ಆಗೇತ್ರಿ” ಎನ್ನುತ್ತಿದ್ದ. ಕೂದಲು ಉದುರಿದಾಗ ಅತ್ತೆಯವರು “ತಿರುಪತಿಗೆ ಮುಡಿ ಕೊಟ್ಟಾಳ” ಎಂದರು. ದೇವರ ಹೆಸರಿನಲ್ಲಿ ಸುಳ್ಳು! ಆ ಹಿರಿಯರನ್ನು ನಾನು ದೂಷಿಸಲಾರೆ. ತಲೆ ಬೋಳಾದ ಹೆಂಗಸನ್ನು ನಮ್ಮ ಸಮಾಜ ಹಿಂದೆ ಹೇಗೆ ನೋಡಿತೆಂಬುದನ್ನು ಕಂಡ ತಲೆಮಾರಿನವರು ಅವರು. ಆದರೆ ಇಷ್ಟೂ ಸುಳ್ಳುಗಳಿಗೆ ಕಾವಲು ಕೂಡಬೇಕಾದವಳು ರೋಗಿಯೇ. ಉಡಿ ತುಂಬಲು ಕರೆದರೆ, ಸೆರಗು ಸರಿದೀತೆಂಬ ಭಯ. ಕರೆಯದಿದ್ದರೆ, ಗೊತ್ತಾಗಿಬಿಟ್ಟಿತೇನೋ ಎಂಬ ಭಯ. “ಕಿಮೋ ತಡಕೊಂಡೆ ಅಕ್ಕೋರ, ಇದನ್ನ ತಡಕೊಳ್ಳಾಕ ಆಗವಲ್ದು” ಎಂದಳು.

ಇದೆಲ್ಲದರ ಬೇರು ಇದ್ದದ್ದು ಮಗಳ ಮದುವೆಯ ಚಿಂತೆಯಲ್ಲಿ. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆಂದು ಜನ ಆಡಿಕೊಳ್ಳುತ್ತಾರಲ್ಲ! ಸ್ತನ ಕ್ಯಾನ್ಸರುಗಳಲ್ಲಿ ವಂಶವಾಹಿಯಿಂದ ಬರುವವು ನೂರಕ್ಕೆ 5ರಿಂದ 10 ಮಾತ್ರ, ಅದೂ ತಂದೆಯ ಕಡೆಯಿಂದಲೂ ಬರಬಹುದು. ಹೆಣ್ಣು ನೋಡಲು ಬಂದವರು ತಮ್ಮ ಮನೆತನದ ರೋಗಗಳ ಪಟ್ಟಿಯನ್ನು ಮುಂದಿಟ್ಟದ್ದನ್ನು ನಾನಂತೂ ಕಂಡಿಲ್ಲ. ಇನ್ನು ತಾಟು, ವಾಟಗಾ ಬೇರೆ ಇಡುವವರೂ ಇದ್ದಾರೆ. ಮುಟ್ಟಿದರೆ ಅಂಟುವ ರೋಗ ಇದಲ್ಲ.

ಹಿಂದೆ ನಮ್ಮ ಕಡೆಯವರು ಹುಬ್ಬಳ್ಳಿಯ ನವನಗರಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಿದ್ದರು. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಬಡ ಕುಟುಂಬಗಳಿಗೆ 2018ರಿಂದ ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ. ದವಾಖಾನೆ ಹತ್ತಿರ ಬಂತು, ಬಾಯಿ ಮಾತ್ರ ತೆರೆಯಲಿಲ್ಲ.

ಭಾರತಿ ಬಿ.ವಿ. ಅವರು ತಮಗೆ ಬಂದ ಸ್ತನ ಕ್ಯಾನ್ಸರಿನ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹೆಸರು ಕೇಳಿದೊಡನೆ ಬುದ್ಧನ ಕಾಲದ ಕಿಸಾಗೌತಮಿಯ ನೆನಪಾಗುತ್ತದೆ. ಅದನ್ನು ಅವಳಿಗೆ ಕೊಟ್ಟೆ. ಯಾರಿಗೂ ಕಾಣದಿರಲೆಂದು ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಓದಿದಳು; ಶಾಲೆಯಲ್ಲಿಯೂ ಪುಸ್ತಕಗಳಿಗೆ ಅಷ್ಟು ಅಚ್ಚುಕಟ್ಟಾಗಿ ಹೊದಿಕೆ ಹಾಕುತ್ತಿದ್ದವಳು ಅವಳೊಬ್ಬಳೇ! ಹದಿನೈದು ದಿನಗಳ ನಂತರ ಬಂದು, “ಇದರಾಗ ನಗೂನೂ ಐತಲ್ರಿ ಅಕ್ಕೋರ!” ಎಂದು ಬೆರಗುಪಟ್ಟಳು. ಹೊದಿಕೆ ತೆಗೆದಿದ್ದಳು.

ಕಳೆದ ತಿಂಗಳು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ, ಅವಳು ತಾನಾಗಿಯೇ ಎದ್ದು ನಿಂತು ವಾತ, ತಿರುಪತಿ ಎಲ್ಲವೂ ಸುಳ್ಳೆಂದು ಹೇಳಿ, ತನಗಾದದ್ದನ್ನು ನಮ್ಮೂರ ಮಾತಿನಲ್ಲಿಯೇ ಹೇಳಿದಳಂತೆ. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಹೋದ ಮೇಲೆ ಇಬ್ಬರು ಹೆಂಗಸರು ಚಾಪೆ ಮಡಚುವ ನೆವದಲ್ಲಿ ಹಿಂದೆ ಉಳಿದರು. ಮರುವಾರ ಮೂವರೂ ಕೂಡಿ ಬೆಳಗಾವಿಯ ಬಸ್ಸು ಹತ್ತಿದರು. ಒಬ್ಬಳದು ಅಪಾಯವಿಲ್ಲದ ಗಂಟು. ಇನ್ನೊಬ್ಬಳ ವರದಿ ಬರಬೇಕಾಗಿದೆ.