ಅಡುಗೆ ಬಲ್ಲವರಿಗೊಂದು ಬಾಗಿನ

ದೀಪಾವಳಿ ಹತ್ತಿರ ಬಂತೆಂದರೆ ಸಿಹಿತಿಂಡಿ ಅಂಗಡಿಗಳ ಮುಂದೆ ಬಣ್ಣಬಣ್ಣದ ಡಬ್ಬಗಳ ಗೋಪುರ ಏಳುತ್ತದೆ. ಕಾಜೂ ಬರ್ಫಿ, ಸೋನ್ ಪಾಪ್ಡಿ, ದ್ರಾಕ್ಷಿ ಗೋಡಂಬಿಯ ಪೆಟ್ಟಿಗೆ. ಕೊಡುವವರಿಗೂ ಸುಲಭ, ಈಸಿಕೊಳ್ಳುವವರಿಗೂ ಮುಜುಗರವಿಲ್ಲ. ಆದರೆ ಇಂಥ ಡಬ್ಬ ಅಡುಗೆಯ ಹುಚ್ಚಿರುವವರ ಮನೆಗೆ ಹೋದಾಗ ಏನಾಗುತ್ತದೆ ಎಂಬುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ಅವರು ನಗುಮುಖದಿಂದಲೇ ತೆಗೆದುಕೊಳ್ಳುತ್ತಾರೆ, ಫ್ರಿಜ್ಜಿನ ಮೇಲಿಡುತ್ತಾರೆ, ಸಂಜೆ ಪಟಾಕಿ ಹಚ್ಚಲು ಬಂದ ಮಕ್ಕಳಿಗೆ ಹಂಚುತ್ತಾರೆ. ಅದೇ ಮನೆಗೆ ಊರಿನಿಂದ ಬಂದ ಯಾರೋ ಹಳೆಯ ಪೇಪರಿನಲ್ಲಿ ಸುತ್ತಿದ ಒಣಮೆಣಸಿನಕಾಯಿ ತಂದರೆ ಪೊಟ್ಟಣ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಒಂದು ಕಾಯಿ ಮುರಿದು, ಬೀಜ ಉದುರಿಸಿ, ಮೂಗಿನ ಹತ್ತಿರ ಹಿಡಿದು, "ಎಲ್ಲಿ ಸಿಕ್ತು ಇದು?" ಎಂದು ಕೇಳುತ್ತಾರೆ. ಆಮೇಲೆ ಕಾಫಿ ಮುಗಿಯುವವರೆಗೂ ಮಾತೆಲ್ಲ ಆ ಮೆಣಸಿನಕಾಯಿಯದೇ.

ಇಂಥವರಿಗೆ ಏನು ಕೊಟ್ಟರೆ ಚೆನ್ನ ಎಂದು ಯೋಚಿಸುವುದು ನನಗೆ ಬಲು ಪ್ರಿಯವಾದ ಕೆಲಸ. ನಮ್ಮ ಹಿರಿಯರು ಇದನ್ನು ಎಂದೋ ಯೋಚಿಸಿ ಮುಗಿಸಿದ್ದಾರೆ. ಗೌರಿ ಹಬ್ಬದ ಮೊರದ ಬಾಗಿನವನ್ನು ಒಮ್ಮೆ ಬಿಡಿಸಿ ನೋಡಿ. ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣಗಳ ಪಕ್ಕದಲ್ಲೇ ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಬೆಲ್ಲದಚ್ಚು, ತೆಂಗಿನಕಾಯಿ ಇರುತ್ತವೆ. ಒಂದು ಮೊರದಲ್ಲಿ ಇಷ್ಟನ್ನೂ ತುಂಬಿ ಇನ್ನೊಂದು ಮೊರ ಮುಚ್ಚಿ ಕೊಡುವುದು. ಮುಚ್ಚಿದ ಮೊರವೂ ಮರುದಿನದಿಂದ ಅಕ್ಕಿ ಕೇರುವುದಕ್ಕೆ ಬರುತ್ತದೆ. ಹೆಣ್ಣುಮಗಳಿಗೆ ತವರಿನಿಂದ ಹೋಗುವ ಈ ಬಾಗಿನದಲ್ಲಿ ಕಪಾಟಿನಲ್ಲಿ ಕೂತು ದೂಳು ತಿನ್ನುವ ವಸ್ತು ಒಂದೂ ಇಲ್ಲ. ಅಲಂಕಾರಕ್ಕೆ ಇರುವುದು ಮೈಮೇಲೆ ಏರುತ್ತದೆ, ಮಿಕ್ಕಿದ್ದು ಒಲೆಯ ಮೇಲೆ. ಅಡುಗೆ ಬಲ್ಲವರಿಗೆ ಕೊಡುವ ಉಡುಗೊರೆಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಆದರೆ ಒಂದು ತೊಡಕಿದೆ. ಅಡುಗೆಮನೆಯ ಒಳ್ಳೆಯ ಪದಾರ್ಥಗಳಿಗೆ ಅವುಗಳದೇ ಕಾಲವಿದೆ, ಆ ಕಾಲ ಹಬ್ಬದ ಪಂಚಾಂಗವನ್ನು ನೋಡಿ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಹೊಸ ಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಗೆ ರಾಶಿ ರಾಶಿಯಾಗಿ ಬೀಳುವುದು ಸಂಕ್ರಾಂತಿ ಕಳೆದ ಮೇಲೆ. ಬಿಸಿಲೇರುವ ತಿಂಗಳುಗಳಲ್ಲಿ ಆ ಊರಿನ ಗಾಳಿಯೇ ಕೆಂಪು. ದೀಪಾವಳಿಯ ಹೊತ್ತಿಗೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಶೀತಲಗೃಹದಿಂದ ಬಂದ ಕಾಯಿ. ಅದು ಕೆಟ್ಟದ್ದೇನಲ್ಲ, ಆದರೆ ಫೆಬ್ರುವರಿಯಲ್ಲಿ ಕೊಂಡು, ಎರಡು ಬಿಸಿಲು ಹಾಕಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಟ್ಟ ಕಾಯಿಯ ಪರಿಮಳವೇ ಬೇರೆ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದ, ಸಪೂರ. ಡಬ್ಬಿ ಗಿಡ್ಡ, ದುಂಡು. ಎರಡರ ಸಿಪ್ಪೆಯೂ ಸುಕ್ಕುಸುಕ್ಕು. ಖಾರ ಕಡಿಮೆ, ಬಣ್ಣ ಮಾತ್ರ ಧಾರಾಳ. ಆ ಬಣ್ಣವನ್ನು ಸತ್ತ್ವವಾಗಿ ತೆಗೆದು ತುಟಿರಂಗಿನಂಥ ಪ್ರಸಾಧನಗಳಿಗೂ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬಿಸಿಬೇಳೆ ಬಾತಿನ ಪುಡಿ ಮಾಡುವವರಿಗೆ, ಮಂಗಳೂರು ಕಡೆಯ ಗಸಿ ಮಾಡುವವರಿಗೆ ಒಂದು ಕಿಲೋ ಒಳ್ಳೆಯ ಡಬ್ಬಿ ಬ್ಯಾಡಗಿ ಕೊಟ್ಟು ನೋಡಿ, ಬೆಳ್ಳಿಯ ಕುಂಕುಮದ ಬಟ್ಟಲಿಗಿಂತ ಹೆಚ್ಚು ಸಂತೋಷಪಡುತ್ತಾರೆ. ಕೊಡುವಾಗ ಮಾತ್ರ ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಡಬೇಕು. ಉಪ್ಪು, ಮೆಣಸಿನಕಾಯಿ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುವ ಮಾತನ್ನು ನಾನು ಇಂದಿಗೂ ಪಾಲಿಸುತ್ತೇನೆ.

ಹಬ್ಬದ ಉಡುಗೊರೆಯ ಕೆಲಸ ಹಬ್ಬಕ್ಕೆ ಎಷ್ಟೋ ತಿಂಗಳು ಮೊದಲೇ ಶುರುವಾಗಬೇಕು ಎಂದು ನನಗೆ ಕಲಿಸಿದ್ದು ಅಪ್ಪೆಮಿಡಿ. ಶರಾವತಿ, ವರದಾ, ಅಘನಾಶಿನಿಯಂಥ ಹೊಳೆಗಳ ಸಾಲಿನಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಮರಗಳವು. ಒಂದೊಂದು ಮರದ ಮಿಡಿಗೆ ಒಂದೊಂದು ವಾಸನೆ. ಒಂದರಲ್ಲಿ ಜೀರಿಗೆ, ಇನ್ನೊಂದರಲ್ಲಿ ಕರ್ಪೂರ. ಒಂದು ವರ್ಷ ಮರ ತುಂಬ ಮಿಡಿ, ಮರುವರ್ಷ ಹೆಸರಿಗೂ ಇಲ್ಲ. ಚಳಿ ಹಿಂದೆಗೆಯುವ ಹೊತ್ತಿಗೆ ಸಾಗರ, ಸಿದ್ದಾಪುರ, ಶಿರಸಿಯ ಪೇಟೆಗಳಲ್ಲಿ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮಾರಾಟ ತೂಕದ ಮೇಲಲ್ಲ, ಲೆಕ್ಕದ ಮೇಲೆ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು.

ಸಾಗರದಲ್ಲಿರುವ ನಮ್ಮ ಚಿಕ್ಕಮ್ಮ ಮಿಡಿ ಆರಿಸುವುದನ್ನು ನೋಡಬೇಕು. ಬುಟ್ಟಿಯ ಮುಂದೆ ಕೂತು ಒಂದು ಮಿಡಿಯ ತೊಟ್ಟು ಮುರಿಯುತ್ತಾಳೆ. ಸೊನೆ ಚಿಮ್ಮಬೇಕು. ಚಿಮ್ಮಿದ ಸೊನೆಯನ್ನು ಹೆಬ್ಬೆರಳಿನಿಂದ ಉಜ್ಜಿ ಮೂಸುತ್ತಾಳೆ. ಒಪ್ಪಿಗೆಯಾದರೆ ತೊಟ್ಟಿರುವ ಮಿಡಿಗಳನ್ನಷ್ಟೇ ಒಂದೊಂದಾಗಿ ಬದಿಗೆ ಇಡುತ್ತಾಳೆ. ತೊಟ್ಟು ಕಳಚಿದ್ದು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಯಾವುದೂ ಬೇಡ. "ಒಂದು ಕೊಳೆತರೆ ಜಾಡಿಯೇ ಹೋಯ್ತು ಕಣೇ" ಎನ್ನುತ್ತಾಳೆ. ಮನೆಗೆ ತಂದು, ತೊಳೆದು, ನೀರಿನ ಪಸೆ ಆರುವಂತೆ ಒರೆಸಿ, ಪಿಂಗಾಣಿ ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತ ಬಂದು ಮೇಲೆ ಭಾರ ಹೇರುತ್ತಾಳೆ. ಕೆಲವು ವಾರಗಳಲ್ಲಿ ಮಿಡಿ ನೀರು ಬಿಟ್ಟು ಮುರುಟುತ್ತದೆ. ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ ಮತ್ತು ಒಣಮೆಣಸಿನಕಾಯಿ ರುಬ್ಬಿ ಕಲಸಬೇಕು. ಎಣ್ಣೆಯಿಲ್ಲ, ಬೆಳ್ಳುಳ್ಳಿಯಿಲ್ಲ. ಮಳೆಗಾಲವಿಡೀ ಜಾಡಿ ಕತ್ತಲ ಮೂಲೆಯಲ್ಲಿ ಕೂತಿರುತ್ತದೆ. ಬಾಯಿಗೆ ಕಟ್ಟಿದ ಬಟ್ಟೆಯನ್ನು ದೀಪಾವಳಿಗೆ ಬಿಚ್ಚಿದರೆ ಖಾರ ಮಿಡಿಯ ಒಳಕ್ಕಿಳಿದು ಹದವಾಗಿರುತ್ತದೆ. ಆಗ ಸಣ್ಣ ಭರಣಿಗಳಿಗೆ ತುಂಬಿ ಬಂಧುಗಳ ಮನೆಗೆ ಕಳಿಸುವುದು. ಮೊಸರನ್ನದ ಜೊತೆ ಅದನ್ನು ಕಚ್ಚಿದಾಗ ಮೊದಲು ಬರುವುದು ಉಪ್ಪು, ಆಮೇಲೆ ಹುಳಿ, ಎಲ್ಲದರ ಕೊನೆಗೆ ಆ ಸೊನೆಯ ಘಮ. ಇಷ್ಟು ದೀರ್ಘ ತಯಾರಿಯ ಉಡುಗೊರೆ ಬೇರೆ ಯಾವುದಿದೆ?

ಕೊಡಗಿನ ಕಾಚಂಪುಳಿಯೂ ಇದೇ ಜಾತಿಯದು. ಮಳೆಗಾಲದಲ್ಲಿ ಹಣ್ಣಾಗುವ ಪಣಂಪುಳಿಯ ರಸ ಇಳಿಸಿ, ಅದು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ, ಬಾಟಲಿಗೆ ತುಂಬಿಡುತ್ತಾರೆ. ಪಂದಿಕರಿಗೆ ಅದಿಲ್ಲದೆ ರುಚಿ ಕೂಡುವುದಿಲ್ಲ. ಚಮಚದಲ್ಲಿ ಅಳೆದು ಹಾಕುವ ಪದಾರ್ಥವಾದ್ದರಿಂದ ಒಂದು ಸಣ್ಣ ಬಾಟಲಿ ಬಹುಕಾಲ ಬರುತ್ತದೆ, ಕೆಡುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಕೊಡಗಿನವರ ಮನೆಗೆ ಹೋಗುವಾಗ ನನಗೆ ಇದಕ್ಕಿಂತ ಒಳ್ಳೆಯ ಕೈಗಾಣಿಕೆ ಹೊಳೆಯುವುದಿಲ್ಲ. ಮಲೆನಾಡಿನ ಆಲೆಮನೆಯ ಜೋನಿಬೆಲ್ಲವೂ ಹಾಗೆಯೇ: ಕಬ್ಬು ಅರೆಯುವ ಕಾಲದಲ್ಲಿ ಹೇಳಿಟ್ಟರೆ ಸಿಗುತ್ತದೆ, ಆಮೇಲೆ ಹುಡುಕಾಡಬೇಕು.

ಇನ್ನು ಪಾತ್ರೆಪಡಗದ ಮಾತು. ಅಡುಗೆಯಲ್ಲಿ ಆಸಕ್ತಿಯಿದೆ ಎಂದು ಗೊತ್ತಾದರೆ ಸಾಕು, ಜನ ಯಂತ್ರಗಳನ್ನು ಕೊಡಲು ಮುಂದಾಗುತ್ತಾರೆ. ಏರ್ ಫ್ರೈಯರ್, ಬ್ರೆಡ್ ಮಾಡುವ ಯಂತ್ರ, ಹದಿನಾರು ಬಗೆಯಲ್ಲಿ ತರಕಾರಿ ಹೆಚ್ಚುವ ಡಬ್ಬಿ. ಅವರಾಗಿ ಬೇಕೆಂದು ಹೇಳಿದ್ದರೆ ಖಂಡಿತ ಕೊಡಿ. ಹೇಳದಿದ್ದರೆ ಬೇಡ. ಅಡುಗೆಮನೆಯ ಕಟ್ಟೆ ಅವರ ರಾಜ್ಯ. ಅಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬುದನ್ನು ಅವರೇ ತೀರ್ಮಾನಿಸಬೇಕು.

ನಾನು ಕೊಡಲು ಇಷ್ಟಪಡುವುದು ಬೀಡಿನ ಕಾವಲಿ. ಅದರಲ್ಲೂ ಪಳಗಿಸಿದ ಕಾವಲಿ. ಅಂಗಡಿಯಿಂದ ತಂದ ಹೊಸ ಬೀಡು ಬೂದುಬಣ್ಣದ್ದು, ಒರಟು; ಅದರ ಮೇಲೆ ಹುಯ್ದ ದೋಸೆ ಏಳುವುದಿಲ್ಲ. ಹೊಸದನ್ನೇ ಕೊಟ್ಟರೆ ಉಡುಗೊರೆಯ ಜೊತೆ ಒಂದು ಕೆಲಸವನ್ನೂ ಅವರ ತಲೆಗೆ ಕಟ್ಟಿದಂತೆ. ಹಾಗಾಗಿ ಮೊದಲು ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆದು, ಗಂಜಿ ತಿಳಿ ಹುಯ್ದು ರಾತ್ರಿ ಇಡುತ್ತೇನೆ. ಬೆಳಗ್ಗೆ ಒಲೆಯ ಮೇಲೇ ಪೂರ್ತಿ ಒಣಗಿಸಬೇಕು, ಪಸೆ ಉಳಿದರೆ ತುಕ್ಕು. ಆಮೇಲೆ ಎಣ್ಣೆ ಸವರಿ, ಸವರಿದ್ದನ್ನು ಮತ್ತೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಉಳಿದ ತೆಳುಪದರ ಹೊಗೆಯಾಡುವಷ್ಟು ಕಾದಾಗ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿಕೊಂಡು ನುಣುಪು ಹೊದಿಕೆಯಾಗುತ್ತದೆ. ಎಣ್ಣೆ ಹೆಚ್ಚಾದರೆ ಅಂಟಂಟು. ದಿನಕ್ಕೊಂದು ಪದರದಂತೆ ಇದನ್ನು ಮಾಡುತ್ತ ಹೋದರೆ ಬೂದುಬಣ್ಣ ಕಂದಾಗಿ, ಕಂದು ಕಪ್ಪಾಗಿ, ಕಾವಲಿಗೆ ಮೆಲ್ಲಗೆ ಹೊಳಪು ಬರುತ್ತದೆ. ಹೋಳು ಮಾಡಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಮೊದಲ ಕೆಲವು ದೋಸೆಗಳನ್ನು ನಮ್ಮ ಮನೆಯಲ್ಲೇ ಹುಯ್ಯುತ್ತೇನೆ. ಹರಿದ ದೋಸೆಗಳೆಲ್ಲ ನಮ್ಮ ತಟ್ಟೆಗೆ. ಅಂಚು ತಾನಾಗಿ ಮೇಲೆದ್ದು, ಹುಲ್ಲುಕಡ್ಡಿ ತಾಗಿಸಿದರೂ ಸರಿದುಬರುವಂಥ ದೋಸೆ ಬಂದ ದಿನ ಕಾವಲಿಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಒಯ್ದು ಕೊಡುವುದು. ಸೋಪು ಹಾಕಿ ನೆನೆಸಬೇಡಿ, ಅದರಲ್ಲಿ ಹುಣಸೆಹುಳಿ ಕುದಿಸಬೇಡಿ ಎಂಬ ಚೀಟಿ ಜೊತೆಗಿರುತ್ತದೆ.

ಕಲ್ಲಿನ ಮರಿಗೆಗೂ ಇಂಥದೇ ಉಪಚಾರ ಬೇಕು. ಬಳಪದ ಕಲ್ಲನ್ನು ಕೆತ್ತಿ ಮಾಡಿದ ಈ ಪಾತ್ರೆಗೆ ಎಣ್ಣೆ ಅರಿಶಿನ ಸವರಿ, ದಿನವೂ ಬಿಸಿ ಗಂಜಿ ಹುಯ್ದು ಕಾವಿಗೆ ರೂಢಿ ಮಾಡಿಸಬೇಕು. ಅವಸರದಲ್ಲಿ ದೊಡ್ಡ ಉರಿಗೆ ಇಟ್ಟರೆ ಸೀಳುಬಿಡುತ್ತದೆ. ಒಮ್ಮೆ ಒಗ್ಗಿತೆಂದರೆ ಒಲೆ ಆರಿಸಿದ ಮೇಲೂ ಗೊಜ್ಜು ಕೊತಕೊತ ಎನ್ನುತ್ತಲೇ ಇರುತ್ತದೆ. ಹುಳಿ ಪದಾರ್ಥ ಎಷ್ಟು ಹೊತ್ತಿದ್ದರೂ ರುಚಿ ಕೆಡುವುದಿಲ್ಲ.

ಪುಸ್ತಕ ಕೊಡುವವರಿಗೂ ಒಂದು ಮಾತು. ಓದುವ ಅಭ್ಯಾಸವಿರುವ ಅಡುಗೆಯವರಿಗೆ ಕೆ.ಟಿ. ಅಚ್ಚಯ ಅವರ ಪುಸ್ತಕ ಕೊಡಿ. ಕೊಳ್ಳೇಗಾಲದಲ್ಲಿ ಹುಟ್ಟಿದ ಈ ಎಣ್ಣೆಕಾಳುಗಳ ವಿಜ್ಞಾನಿ ಭಾರತದ ಆಹಾರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1994ರಲ್ಲಿ ಪ್ರಕಟಿಸಿದರು. ಹದಿನಾರನೇ ಶತಮಾನದಲ್ಲಿ ಮೂರನೇ ಮಂಗರಸ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು 'ಸೂಪಶಾಸ್ತ್ರ' ಎಂಬ ಕಾವ್ಯವನ್ನು ಕನ್ನಡದಲ್ಲಿ ರಚಿಸಿದ ಎನ್ನುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಇವೆರಡಕ್ಕಿಂತಲೂ ಮೇಲೆ ನಾನು ಇಡುವುದು ಮನೆಯ ಹಿರಿಯರ ಕೈಬರಹದ ನೋಟ್‌ಬುಕ್ಕನ್ನು. ಸೋದರತ್ತೆಯ ನೋಟ್‌ಬುಕ್ಕನ್ನು ಅಮೆರಿಕದಲ್ಲಿರುವ ಅವರ ಮೊಮ್ಮಗಳಿಗಾಗಿ ನಕಲು ಮಾಡಿದ್ದು ನನ್ನ ಬದುಕಿನ ಒಳ್ಳೆಯ ಕೆಲಸಗಳಲ್ಲಿ ಒಂದು. ಅದರಲ್ಲಿ ಅಳತೆಯೆಲ್ಲ ಪಾವು, ಚಟಾಕಿನಲ್ಲಿ. ಸೇರಿನ ಕಾಲುಭಾಗ ಪಾವು, ಪಾವಿನ ಕಾಲುಭಾಗ ಚಟಾಕು ಎಂದು ಮೊದಲ ಪುಟದಲ್ಲೇ ಬರೆದೆ. ಸಾರಿನ ಪುಡಿಯ ಪುಟದಲ್ಲಿ "ಎಲ್ಲವನ್ನೂ ಹದವಾಗಿ ಹುರಿಯುವುದು" ಎಂದಷ್ಟೇ ಇತ್ತು. "ಅತ್ತೆ, ಹದ ಅಂದ್ರೆ ಎಷ್ಟು?" ಎಂದು ಕೇಳಿದೆ. "ಎಲ್ಲಕ್ಕೂ ಒಂದೇ ಹದ ಎಲ್ಲಿರತ್ತೆ? ಧನಿಯಾ ಬೆರಳಲ್ಲಿ ಒತ್ತಿದ್ರೆ ಪುಡಿಯಾಗ್ಬೇಕು. ಜೀರಿಗೆ ಬಿಸಿಯಾದ್ರೆ ಸಾಕು. ಮೆಂತ್ಯ ಘಮ್ಮಂದ ತಕ್ಷಣ ಇಳಿಸ್ಬಿಡು, ಕೆಂಪಾದ್ರೆ ಕಹಿ. ಕರಿಬೇವು ಮುರಿದ್ರೆ ಟಕ್ ಅನ್ಬೇಕು" ಎಂದರು. ಆ ಮಾತುಗಳನ್ನು ಅವರು ಹೇಳಿದಂತೆಯೇ ಬರೆದುಕೊಂಡೆ. ನೋಟ್‌ಬುಕ್ಕಿನ ಜೊತೆ ಹಿತ್ತಾಳೆಯ ಒಂದು ಪಾವನ್ನೂ ಕಳಿಸಿದೆವು. ಮೊದಲ ಸಲ ಸಾರು ಮಾಡಿದ ದಿನ ಆ ಹುಡುಗಿ ಫೋನಿನಲ್ಲಿ ಅಜ್ಜಿಗೆ ಪಾತ್ರೆ ತೋರಿಸಿದಳು. ಅತ್ತೆ ಬಣ್ಣ ನೋಡಿ, "ಇನ್ನೊಂದು ಕುದಿ ಬರಲಿ" ಎಂದರು.

ದೂರದೇಶಕ್ಕೆ ಕಳಿಸುವವರಿಗೆ ಪುಡಿ, ಹಪ್ಪಳ, ಸಂಡಿಗೆ ಒಳ್ಳೆಯವು. ಉಪ್ಪಿನಕಾಯಿ ಕಳಿಸುವುದಾದರೆ ಬಾಯಿ ಭದ್ರವಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ವಿಮಾನ ನಿಲ್ದಾಣದವರು ಬಿಡುವುದಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವವರಿದ್ದರೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳನ್ನು ಹುಡುಕಿ ಕೊಡಿ. ಹಳೆಯ ಕೆತ್ತನೆಯ ಆನೆ, ಗಿಳಿ, ತುಳಸಿಕಟ್ಟೆಯ ಅಚ್ಚುಗಳು ಸಿಕ್ಕರಂತೂ ಬಿಡಬೇಡಿ.

ಈ ದೀಪಾವಳಿಗೆ ಇದೆಲ್ಲ ತಡವಾಯಿತಲ್ಲ ಎನ್ನುವವರು ಚಿಂತಿಸಬೇಕಾಗಿಲ್ಲ. ಇವತ್ತು ಕಾವಲಿ ಕೊಂಡು ಪಳಗಿಸತೊಡಗಿದರೆ ಸಂಕ್ರಾಂತಿಗೆ ಕೊಡಬಹುದು. ಹೊಸ ಬ್ಯಾಡಗಿ ಕಾಯಿ ಯುಗಾದಿಯ ಉಡುಗೊರೆಗೆ ಸರಿಹೋಗುತ್ತದೆ. ಅಪ್ಪೆಮಿಡಿ ಬೇಕಿದ್ದರೆ ಮಾತ್ರ ಜನವರಿಯಲ್ಲೇ ಮಲೆನಾಡಿನ ಕಡೆ ಪರಿಚಯದವರಿಗೆ ಹೇಳಿಡಿ. ತೊಟ್ಟಿರುವ ಮಿಡಿಯನ್ನೇ ಕೇಳಿ, ಕೊಡುವ ಮನೆಗೊಂದು ನೂರು ಸಾಕು.