ಹೆಂಚಿನಿಂದ ತಗಡಿಗೆ: ಬೋಗಾದಿ ಕಡೆ ಒಂದು ಸುತ್ತು

ಮೈಸೂರಿನ ಅಗ್ರಹಾರದ ಹಳೇ ಮನೆಗಳ ಮಂಗಳೂರು ಹೆಂಚು ಕೂಡ ಫ್ಯಾಕ್ಟರಿಯಲ್ಲೇ ತಯಾರಾದದ್ದು. ಬಾಸೆಲ್ ಮಿಷನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹೆಂಚಿನ ಸಂದಿಗಳಲ್ಲಿ ಬಿಸಿಗಾಳಿ ಹೊರಹೋಗುತ್ತೆ, ಒಳಗೆ ತಂಪು.

ಅಲ್ಲಿಂದ ಬೈಕಲ್ಲಿ ಬೋಗಾದಿ ಕಡೆ ಹೋದೆ. ಹೊಸ ಮನೆಗಳು ಏಳುತ್ತಿರುವ ಸೈಟುಗಳಲ್ಲಿ ಕೆಲಸದವರು ಇರೋದು ತಗಡಿನ ಶೆಡ್ಡಲ್ಲಿ. ಏಪ್ರಿಲ್ ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ. ಮಗುವನ್ನು ಹೊಂಗೆ ಮರದ ಕೆಳಗೆ ಮಲಗಿಸಿದ್ರು.

ಟೆರೇಸ್ ಮೇಲೆ ರೆಡಿಮೇಡ್ ರೂಮ್ ಹಾಕಿಸೋರು ಬರೀ ತಗಡಿನ ಬದಲು, ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಕೇಳಿ. ಜಾಯಿಂಟ್‌ಗಳು ಸೀಲ್ ಆಗಿರಲಿ, ಕಿಟಕಿಗಳು ಎದುರುಬದುರಾಗಿರಲಿ. ಮೈಸೂರಿನ ರಾತ್ರಿಗಾಳಿ ಒಳಗೆ ಬಂದರೆ ಎಸಿ ಖರ್ಚು ಉಳಿಯುತ್ತೆ.

ಶೆಡ್ಡಿಗೆ? ಸೂರಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆದರೂ ಕಾವು ಇಳಿಯುತ್ತೆ. ಮನೆ ಕಟ್ಟಿಸೋ ನಾವು ಮೇಸ್ತ್ರಿಗೆ ಇಷ್ಟನ್ನಾದರೂ ಹೇಳಬಹುದು.